ಬಂಗಾರದ ಪಟ್ಟಿಯ ಕಾರ್ಡು

ಗಾಳಿಗೆ ಮೈಲಿಗೆ ಉಂಟೇ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಒಂದು ವಾರ ಚರ್ಚಿಸಿದರು. ಬೇರೆ ಯಾವ ವಿಷಯವನ್ನೂ ಅಷ್ಟು ಶ್ರದ್ಧೆಯಿಂದ ಚರ್ಚಿಸಿದ್ದು ನಾನು ಕಂಡಿಲ್ಲ. ನಾನು ಮುಂದೆ ಓದುವುದು ಬೇಡವೆಂದು ತೀರ್ಮಾನವಾದಾಗ ಅಪ್ಪನ ಕೈಯಲ್ಲಿದ್ದ ಚಹಾ ಕೂಡ ಆರಿರಲಿಲ್ಲ.

ಪ್ರಶ್ನೆ ಹುಟ್ಟಿದ್ದು ನನ್ನಿಂದಲೇ. ಅದು ೨೦೦೬. ಹೈದರಾಬಾದಿನ ಒಂದು ಕಚೇರಿ, ಮನೆಯಲ್ಲೇ ಕುಳಿತು ಮಾಡುವ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುತ್ತಿತ್ತು. ಎಲ್ಲೋ ದೂರದ ಆಸ್ಪತ್ರೆಯ ಡಾಕ್ಟರು ತನ್ನ ರೋಗಿಯ ಬಗ್ಗೆ ಮಾತಾಡಿ ದನಿ ಕಳಿಸುತ್ತಾನೆ. ಇಂಟರ್ನೆಟ್ಟಿನಲ್ಲಿ ಬಂದ ಆ ದನಿಯನ್ನು ಕೇಳಿಸಿಕೊಂಡು, ತಪ್ಪಿಲ್ಲದೆ ಟೈಪು ಮಾಡಿ ಹಿಂದಕ್ಕೆ ಕಳಿಸಬೇಕು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪರೀಕ್ಷೆ. ಆ ಹೊತ್ತಿಗೆ ನಾನು ಕೂಡದಿದ್ದರೆ ನನ್ನ ಜಾಗ ಇನ್ನೊಬ್ಬರಿಗೆ. ಗುಲಬರ್ಗಾಕ್ಕೆ ಓಡಾಡಿ ಮಾಡುವ ಕೆಲಸವನ್ನು ಮನೆಯವರು ಒಮ್ಮೆ ಬಿಡಿಸಿದ್ದರು. ಹೈದರಾಬಾದಿನಲ್ಲಿ ಹೋಗಿ ಇರುವ ಮಾತನ್ನು ಎತ್ತುವ ಹಾಗೇ ಇರಲಿಲ್ಲ. ಸೇಡಮ್ಮಿನ ಈ ಮನೆಯೊಳಗೆ ಕುಳಿತು ನನ್ನದು ಅನ್ನಬಹುದಾದ ಕೆಲಸವೆಂದರೆ ಇದೊಂದೇ ಉಳಿದಿತ್ತು.

ಇಂಟರ್ನೆಟ್ಟು ಮನೆಯಲ್ಲಿ ಇತ್ತು. ನನ್ನಣ್ಣ ಅಭಯ ವಾಡಿಯ ಒಂದು ಸಿಮೆಂಟು ಕಾರ್ಖಾನೆಯ ಕಚೇರಿಯಲ್ಲಿದ್ದಾನೆ. ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲೇ ಹಾಕಿಸಿ, ವೈರ್‌ಲೆಸ್ ಇರುವ ಮೋಡೆಮ್ಮೇ ಬೇಕೆಂದು ಹಟ ಹಿಡಿದು ತಂದಿದ್ದ. ಅದರಿಂದ ಏನು ಮಾಡಬಹುದೆಂದು ಅವನಿಗೆ ಗೊತ್ತಿರಲಿಲ್ಲ, ಹಿಂದಿನ ಓಣಿಯವರ ಮನೆಯಲ್ಲಿ ಅದು ಇರಲಿಲ್ಲವೆಂಬುದು ಗೊತ್ತಿತ್ತು. ಕಚೇರಿಯವರು ಮೂಲೆಗೆ ಹಾಕಿದ್ದ ಹಳೆಯ ಲ್ಯಾಪ್‌ಟಾಪನ್ನೂ ಅವನೇ ತಂದುಕೊಟ್ಟ. ಇಟ್ಟಿಗೆಯಷ್ಟು ದಪ್ಪ. ಅದರ ಜೊತೆ ಒಂದು ಕಾರ್ಡು, ಕಾರ್ಡಿಗೆ ಬಾಲದಂತೆ ಒಂದು ತಂತಿ. ಕಾರ್ಡನ್ನು ಲ್ಯಾಪ್‌ಟಾಪಿನ ಎಡಗಡೆಯ ಕಿಂಡಿಯಲ್ಲಿ ತೂರಿಸಿ, ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿದರೆ ಇಂಟರ್ನೆಟ್ಟು ಬರುತ್ತಿತ್ತು.

ತೊಂದರೆ ಇದ್ದದ್ದು ಮನೆಯಲ್ಲಿ. ಮೋಡೆಮ್ಮು ಪಡಸಾಲೆಯಲ್ಲಿ, ನನ್ನ ಕೋಣೆ ಹಿತ್ತಲಿಗೆ. ನಡುವೆ ದೇವರ ಮನೆ, ಅಡುಗೆಮನೆ. ಪಡಸಾಲೆಯಲ್ಲಿ ಬೆಳಗಿನಿಂದ ಅಪ್ಪ ವಿಠ್ಠಲರಾವ್ ಹಾಗೂ ಅವರ ಗೆಳೆಯ ಶ್ಯಾಮಾಚಾರ್ ಕುಳಿತಿರುತ್ತಾರೆ. ಅಪ್ಪ ನಿವೃತ್ತ ಹೆಡ್ಮಾಸ್ತರ್. ಶ್ಯಾಮಾಚಾರ್ ಚಿತ್ತಾಪುರದ ಯಾವುದೋ ಕಚೇರಿಯಿಂದ ನಿವೃತ್ತರಾಗಿ ನೇರ ನಮ್ಮ ಪಡಸಾಲೆಗೆ ವರ್ಗವಾದವರು. ಒಂದೇ ಪೇಪರನ್ನು ಇಬ್ಬರೂ ಗಟ್ಟಿಯಾಗಿ ಓದುತ್ತಾರೆ, ಮೊದಲು ಅವರು, ಆಮೇಲೆ ಇವರು. ಅಲ್ಲಿ ಕೂತು ಡಾಕ್ಟರನ ದನಿ ಕೇಳುವುದು ಆಗದ ಮಾತು. ತಂತಿಯನ್ನೇ ನನ್ನ ಕೋಣೆಗೆ ಎಳೆಯೋಣವೆಂದರೆ ಅಪ್ಪನ ಅಕ್ಕ ನರ್ಮದಾ ಆತ್ಯಾ ದೇವರ ಮನೆಯ ಬಾಗಿಲಿಗೆ ಅಡ್ಡ ನಿಂತರು.

“ಪ್ಲಾಸ್ಟಿಕ್ ವಾಯರ್ ಮಡಿ ಸೀರಿಗಿ ತಾಕ್ತದ. ದಿನಾ ಅದನ್ನ ದಾಟಿ ನೈವೇದ್ಯ ಒಯ್ಬೇಕೇನ್ ನಾ?”

“ಮ್ಯಾಲಿಂದ ಎಳಸ್ತೀನಿ ಆತ್ಯಾ, ತೊಲಿಗುಂಟ.”

“ತಲಿ ಮ್ಯಾಲ ಮೈಲಿಗಿ ತೂಗಬಿಡಾಕಿ. ಭಾಳ ಚೊಲೋ ಆತು!”

“ದೇವರ ಮನ್ಯಾಗ ಬಲ್ಬ್ ಅದ ಅಲ್ರಿ. ಅದರ ವಾಯರೂ ಪ್ಲಾಸ್ಟಿಕ್ಕೇ ಅದ.”

“ಅದು ನಿಮ್ಮ ಅಜ್ಜಾ ಹಾಕ್ಸಿದ್ದು,” ಎಂದರು ಆತ್ಯಾ. ಅಜ್ಜ ಹಾಕಿಸಿದ ಪ್ಲಾಸ್ಟಿಕ್ಕು ಶುದ್ಧವಾಯಿತು.

ಹೀಗಾಗಿ ವೈರ್‌ಲೆಸ್. ಆಗಲೇ ಗಾಳಿಯ ಪ್ರಶ್ನೆ ಎದ್ದದ್ದು. ತಂತಿಯಲ್ಲಿ ಬರುವುದು ಗಾಳಿಯಲ್ಲಿ ಬಂದರೂ ದೇವರ ಮನೆಯನ್ನು ಹಾಯ್ದೇ ಬರಬೇಕಲ್ಲ, ಅದು ನಡೆಯುತ್ತದೆಯೇ?

“ವಾಯುದೇವರಿಗೆ ಮೈಲಿಗಿ ಎಲ್ಲೀದು ನರ್ಮದಾಬಾಯಿ?” ಎಂದರು ಶ್ಯಾಮಾಚಾರ್. “ಗಾಳಿ ಎಲ್ಲಾ ಕಡಿ ಅಡ್ಡಾಡ್ತದ. ಅದನ್ನ ತಡದ್ರ ಉಸಿರಾಡೋದ ಬಿಡಬೇಕಾಗ್ತದ.”

“ಗಾಳಿ ಬರ್ಲಿ, ನಾ ಬ್ಯಾಡ ಅಂದಿಲ್ಲ. ಗಾಳ್ಯಾಗ ಏನ್ ಬರ್ತದ ಅನ್ನೋದು ಕೇಳ್ರಿ. ಯಾವನೋ ಡಾಕ್ಟರ ಹೆಣಾ ಕೊಯ್ದಿದ್ದು ಹೇಳ್ತಾನಂತ.”

“ಹೆಣಾ ಅಲ್ರಿ ಆತ್ಯಾ, ಮೊಣಕಾಲು ನೋವು, ಸಕ್ಕರಿ ಬ್ಯಾನಿ...”

“ಕೇಳ್ಸಂಗಿಲ್ಲ ಅಂದ್ಮ್ಯಾಲ ಏನ್ ತ್ರಾಸ್ ತಗೀರಿ,” ಎಂದು ಅಪ್ಪ ನ್ಯಾಯ ಹೇಳಿದರು. ಕಿವಿಗೆ ಬೀಳದ ಮೈಲಿಗೆ ಮೈಲಿಗೆಯಲ್ಲ ಎಂದು ಒಂದು ವಾರದ ನಂತರ ಗೊತ್ತುವಳಿಯಾಯಿತು. ಪರೀಕ್ಷೆ ಅಷ್ಟು ಹತ್ತಿರ ಬಂತು.

ಇನ್ನು ಲ್ಯಾಪ್‌ಟಾಪಿಗೆ ವೈರ್‌ಲೆಸ್ ಹಿಡಿಯುವ ಕಾರ್ಡು ಆರಿಸಬೇಕು. ಈ ಒಂದು ಕೆಲಸವನ್ನು ನಾನು ಯಾರನ್ನೂ ಕೇಳದೆ ಮಾಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಓದಿಕೊಂಡೆ. ಆ ಕಿಂಡಿಗೆ ಬರುವ ಕಾರ್ಡುಗಳಲ್ಲಿ ಎರಡು ಪೀಳಿಗೆ. ಉದ್ದ ಅಗಲ ಒಂದೇ, ನೋಡಲು ಅಣ್ಣತಮ್ಮಂದಿರು. ಹೊಸ ಪೀಳಿಗೆಯದರ ತುದಿಯಲ್ಲಿ, ಒಳಗೆ ಹೋಗುವ ಬದಿಗೆ, ಬಂಗಾರದ ಬಣ್ಣದ ಒಂದು ಸಣ್ಣ ಪಟ್ಟಿ ಇರುತ್ತದೆ. ಪಟ್ಟಿ ಇರುವ ಕಾರ್ಡು ಹಳೆಯ ಕಿಂಡಿಯಲ್ಲಿ ಹೋಗುವುದಿಲ್ಲ. ಹೋಗಬಾರದೆಂದೇ ಅದರ ಅಂಚನ್ನು ಬೇರೆ ಥರ ಕಡೆದಿರುತ್ತಾರೆ. ನಮ್ಮ ಲ್ಯಾಪ್‌ಟಾಪು ಹಳೆಯದು. ಅದಕ್ಕೆ ಪಟ್ಟಿ ಇಲ್ಲದ, ನಿಧಾನದ, ಹಳೆಯ ಮಾದರಿಯ ವೈರ್‌ಲೆಸ್ ಕಾರ್ಡೇ ಆಗಬೇಕು. ದನಿ ತರಿಸಿಕೊಳ್ಳಲು ಆ ವೇಗ ಧಾರಾಳ ಸಾಕು. ಯುಎಸ್‌ಬಿಗೆ ಸಿಕ್ಕಿಸುವಂಥದೂ ಇತ್ತು, ಆದರೆ ಈ ಯಂತ್ರದ ಹಳೆಯ ವಿಂಡೋಸ್ ಅದನ್ನು ಒಪ್ಪುತ್ತಿರಲಿಲ್ಲ.

ಕಾರ್ಡು ತರುವವನು ಅಣ್ಣ. ಗುಲಬರ್ಗಾದಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿ ಇರುವುದು ಅವನ ಮಾವನದು, ಅಂದರೆ ನಮ್ಮ ವಂದನಾ ವೈನಿಯ ತಂದೆಯದು. ಬೀಗರ ಅಂಗಡಿ ಇರುವಾಗ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಬೀಗರ ಅಂಗಡಿಗೆ ಮನೆಯ ಹುಡುಗಿ ಹೋಗಿ ಸಾಮಾನು ಆರಿಸುವ ಹಾಗೂ ಇಲ್ಲ. ಅದಕ್ಕೇ ತಂತಿಯ ಬಾಲವಿದ್ದ ಹಳೆಯ ಕಾರ್ಡನ್ನೇ ಅವನ ಚೀಲದಲ್ಲಿಟ್ಟು ಹೇಳಿದೆ: “ಇದನ್ನ ತೋರ್ಸು. ತುದಿ ಹಿಂಗs ಇರ್ಬೇಕು. ಬಂಗಾರದ ಪಟ್ಟಿ ಇದ್ದದ್ದು ಕೊಟ್ರ ಬ್ಯಾಡನ್ನು.”

“ತಿಳೀತವ್ವಾ. ನನಗೇನ್ ಕಂಪ್ಯೂಟರ್ ಗೊತ್ತಿಲ್ಲೇನ್?”

ಶನಿವಾರ ಸಂಜೆ ಬಂದ. ಕೈಯಲ್ಲಿ ಕುಂಕುಮ ಹಚ್ಚಿದ ತೆಂಗಿನಕಾಯಿ, ಕುಪ್ಪಸದ ಖಣ, ಅವುಗಳ ಮೇಲೆ ಹೊಳೆಯುವ ಒಂದು ಡಬ್ಬಿ. ಬೀಗರು ಮಾರಲಿಲ್ಲವಂತೆ, ಉಡುಗೊರೆಯಾಗಿ ಕೊಟ್ಟರಂತೆ. ಡಬ್ಬಿಯ ಮುಂಭಾಗ ತಿಳಿ ಪ್ಲಾಸ್ಟಿಕ್ಕು. ಅದರೊಳಗಿಂದ ಬಂಗಾರದ ಪಟ್ಟಿ ನನ್ನನ್ನೇ ನೋಡುತ್ತಿತ್ತು.

“ಇದು ಒಳಗ ಹೋಗಂಗಿಲ್ಲ,” ಎಂದೆ.

“ಡಬ್ಬಿ ತಗದೇ ಇಲ್ಲ, ಹೆಂಗ ಗೊತ್ತಾತು?”

“ಪಟ್ಟಿ ಕಾಣಾಕತ್ತದ ನೋಡು.”

ಅಪ್ಪ ಕನ್ನಡಕ ಏರಿಸಿ ನೋಡಿದರು. “ಬಂಗಾರದ ಲೇಪ ಹಾಕ್ಯಾರಂದ್ರ ಮಾಲು ಚೊಲೋ ಅದ ಅಂತನ ಅರ್ಥ.”

“ನಾ ಕೊಟ್ಟ ಕಾರ್ಡ್ ತೋರ್ಸಿದ್ಯೇನ್ ಅಣ್ಣಾ?”

“ಚೀಲದಾಗ ಇತ್ತು.”

“ಚೀಲದಾಗ ಇಟ್ಟಾಕಿ ನಾನು. ತೋರ್ಸಿದ್ಯೇನ್?”

“ಮಾವನವರ ಮುಂದ, ನಾಕ್ ಮಂದಿ ಗಿರಾಕಿ ನಿಂತಾಗ, ಆ ಜುನಾ ಮಾಲು ತಗದು ಇಂಥಾದ್ದ ಕೊಡ್ರಿ ಅನ್ಲೇನ್? ಅಳಿಯಾ ಗುಜರಿ ಸಾಮಾನು ಹುಡಕ್ಲಿಕತ್ತಾನ ಅಂತಾರ. ಇಜ್ಜತ್ ಏನ್ ಉಳೀತದ? ಎಲ್ಲಾಕಿಂತ ಚೊಲೋದು ಕೊಡ್ರಿ ಅಂದೆ, ಕೊಟ್ರು.”

ವಂದನಾ ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ನಮ್ಮಪ್ಪಗ ಫೋನ್ ಮಾಡ್ಲೇನ್ರಿ? ಹಳೇ ನಮೂನಿದು ಇದ್ರ ನಾಳಿ ಬಸ್ಸಿಗಿ ಕೊಟ್ಟು ಕಳಸ್ತಾರ. ಬ್ಯಾಸರಾ ಮಾಡ್ಕೊಳಂಗಿಲ್ಲ.”

ಗಾಳಿಯ ವಿಷಯದಲ್ಲಿ ಒಂದಾಗದ ಮನೆ ಈಗ ಒಂದಾಯಿತು. ಬೀಗರ ಉಡುಗೊರೆ ಬದಲಿ ಮಾಡುವುದೇ? ಚಿಂಚೋಳಿಯ ಯಾರದೋ ಮನೆಯಲ್ಲಿ ಸೀರೆಯ ಬಣ್ಣ ಬದಲಿಸಿ ಕೊಡಿ ಎಂದದ್ದಕ್ಕೆ ಬೀಗರು ಬೀಗರು ವರ್ಷಗಟ್ಟಲೆ ಮಾತು ಬಿಟ್ಟಿದ್ದನ್ನು ಆತ್ಯಾ ವಿವರಿಸಿದರು. ಕೊಟ್ಟವರ ಮಗಳೇ ಬೇಸರವಿಲ್ಲ ಎನ್ನುತ್ತಿದ್ದರು, ಅವರ ಮಾತು ಯಾರಿಗೂ ಬೇಕಿರಲಿಲ್ಲ. ಮೇಲಾಗಿ ಮರುದಿನ ಅಮಾವಾಸ್ಯೆ. ಹೊಸ ವಸ್ತುವಿನ ಡಬ್ಬಿ ಒಡೆಯುವುದು ಸೋಮವಾರ ಬೆಳಿಗ್ಗೆ, ಪೂಜೆ ಮಾಡಿ. ಹೋಗುತ್ತದೋ ಇಲ್ಲವೋ ಆಗ ನೋಡೋಣ. ಭಾನುವಾರವಿಡೀ ನಾನು ಆ ಪಟ್ಟಿಯನ್ನು ಪ್ಲಾಸ್ಟಿಕ್ಕಿನೊಳಗಿಂದ ನೋಡುತ್ತ ಕಳೆದೆ.

ಸೋಮವಾರ ಆತ್ಯಾ ಮಡಿಯಲ್ಲೇ ಬಂದು ಡಬ್ಬಿಗೆ ದೂರದಿಂದ ಅಕ್ಷತೆ ಎಸೆದರು. ಅಣ್ಣ ಪಡಸಾಲೆಯ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ಕಾರ್ಡನ್ನು ಕಿಂಡಿಗೆ ಹಚ್ಚಿದ. ಅದು ಅರ್ಧಕ್ಕೂ ಹೋಗದೆ ನಿಂತಿತು.

“ಒತ್ತು,” ಎಂದರು ಅಪ್ಪ.

ಅಣ್ಣ ಒತ್ತಿದ.

“ಹೊಸಾದು, ಬಿಗಿ ಇರ್ತದ,” ಎಂದರು ಶ್ಯಾಮಾಚಾರ್. “ಬಳಿ ಇಡುವಾಗ ಸಾಬಾಣ ಹಚ್ಚಂಗಿಲ್ಲೇನ್? ಹಂಗ ಒಂಚೂರು ತುಪ್ಪಾ ಹಚ್ಚಿ ನೋಡ್ರಿ.”

ಅಪ್ಪ ಒಳಗೆ ತಿರುಗಿ, ನಿಜವಾಗಿಯೂ, ತುಪ್ಪದ ಗಿಂಡಿ ಕೇಳಿದರು. ನಾನು ಲ್ಯಾಪ್‌ಟಾಪನ್ನು ಅಣ್ಣನ ಕೈಯಿಂದ ಎಳೆದುಕೊಂಡೆ. ಇನ್ನೊಂದು ಸಲ ಒತ್ತಿದ್ದರೆ ಒಳಗಿನ ಸೂಜಿಗಳು ಮುರಿದು ಯಾವ ಕಾರ್ಡೂ ಹೋಗದಂತಾಗುತ್ತಿತ್ತು. ಹತ್ತಾಗಿತ್ತು. ಗುಲಬರ್ಗಾದಲ್ಲಿ ಇನ್ನೂ ಅಂಗಡಿಯ ಬಾಗಿಲು ತೆಗೆಯುವ ಹೊತ್ತು.

“ಮುಂದಿನ ತಿಂಗಳ ಮತ್ತ ಪರೀಕ್ಷಾ ಇಡ್ತಾರ ಬಿಡವ್ವಾ,” ಎಂದ ಅಣ್ಣ.

ನಾನು ಅವನ ಚೀಲಕ್ಕೆ ಕೈ ಹಾಕಿ ತಂತಿಯ ಬಾಲದ ಕಾರ್ಡು ತೆಗೆದೆ. ಕಿಂಡಿಗೆ ತೂರಿಸಿದೆ, ಟಕ್ಕೆಂದು ಕೂತಿತು. ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿ, ಅಪ್ಪನ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಕುಳಿತೆ.

“ಎಲ್ಲಾರೂ ಹೊರಗ ಕಟ್ಟಿ ಮ್ಯಾಲ ಕುಂದ್ರಿ.”

“ಏನಂದಿ?” ಎಂದರು ಅಪ್ಪ.

“ಪರೀಕ್ಷಾ ಮುಗಿಯೋ ತನಕಾ ಇಲ್ಲಿ ಮಾತಾಡಬ್ಯಾಡ್ರಿ. ಹೊರಗ ಹೋಗ್ರಿ.”

ಶ್ಯಾಮಾಚಾರ್ ಪೇಪರನ್ನು ಎದೆಗೆ ಹಿಡಿದುಕೊಂಡರು. “ಇನ್ನಾ ಅರ್ಧಾ ಓದೋದದ...”

“ಹೊರಗ ಬೆಳಕು ಚೊಲೋ ಅದ ಆಚಾರ್ರ.”

“ಪಡಸಾಲ್ಯಾಗ ಹೆಣ್ಮಗಳು ಹಿಂಗ ಕುಂತ್ರ ನೋಡಿದವ್ರು ಏನಂತಾರ?” ಎಂದರು ಆತ್ಯಾ.

“ಅನ್ನೋರು ನೀವ. ನೀವಂತೂ ಇಲ್ಲಿ ಇರಂಗಿಲ್ಲ.”

ಅಪ್ಪ ಅಣ್ಣನನ್ನು ನೋಡಿದರು, ಅಣ್ಣ ಡಬ್ಬಿಯನ್ನು ನೋಡಿದ. ಅಷ್ಟರಲ್ಲಿ ವೈನಿ ಚಹಾದ ತಟ್ಟೆ ಹಿಡಿದು ಬಂದರು. ಮೇಜಿನ ಹತ್ತಿರ ನಿಲ್ಲಲಿಲ್ಲ, ಪಡಸಾಲೆ ದಾಟಿ ಹೊರಗೆ ಹೋಗಿ ಕಟ್ಟೆಯ ಮೇಲೆ ತಟ್ಟೆ ಇಟ್ಟರು. “ಚಾ ಇಲ್ಲಿ ಅದ ಬರ್ರಿ,” ಎಂದು ಕೂಗಿದರು. ಶ್ಯಾಮಾಚಾರ್ ಮೊದಲು ಎದ್ದರು. ಚಹಾದ ವಿಷಯದಲ್ಲಿ ಅವರಿಗೆ ಶಾಸ್ತ್ರ ಅಡ್ಡ ಬರುವುದಿಲ್ಲ. ಅವರ ಹಿಂದೆ ಅಪ್ಪ, ಅಪ್ಪನ ಹಿಂದೆ ಅಣ್ಣ. ಆತ್ಯಾ ಗೊಣಗುತ್ತ ದೇವರ ಮನೆಗೆ ಹೋದರು.

ಗಂಡಸರು ಎದ್ದು ಹೊರಗೆ ಹೋಗುವುದು, ಇಷ್ಟೇ ಉಪಾಯ. ಇದರ ಬದಲಿಗೆ ಮನೆಯವರು ತಂತಿಗೆ ಮೈಲಿಗೆ ಹಚ್ಚಿದ್ದರು, ಗಾಳಿಯ ಮೈಲಿಗೆ ತೆಗೆದಿದ್ದರು, ಗುಲಬರ್ಗಾಕ್ಕೆ ಹೋಗಿ ಬಂದಿದ್ದರು, ತುಪ್ಪದವರೆಗೂ ಬಂದಿದ್ದರು. ಕಾರ್ಡುಗಳ ಎರಡು ಪೀಳಿಗೆಯನ್ನೂ ಓದಿಕೊಂಡಿದ್ದ ನನ್ನ ತಲೆಗೂ ಅದು ಹೊಳೆದಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಸಿಟ್ಟು ಬಂದದ್ದು ಅದಕ್ಕೇ.

ಹತ್ತೂವರೆಗೆ ದನಿ ಬಂತು. ಯಾರೋ ಒಬ್ಬ ಡಾಕ್ಟರು, ಮೂಗಿನಲ್ಲಿ ಮಾತಾಡುವವನು, ಒಬ್ಬ ಮುದುಕಿಯ ಮೊಣಕಾಲಿನ ಬಗ್ಗೆ ಬೇಸರದಿಂದ ಹೇಳುತ್ತಿದ್ದ. ಒಂದೆರಡು ಪದ ಹಿಂದಕ್ಕೆ ಹೋಗಿ ಕೇಳಿದೆ. ಉಳಿದದ್ದು ಸರಾಗ. ಮಧ್ಯಾಹ್ನ ಊಟದ ಹೊತ್ತಿಗೆ ಉತ್ತರ ಬಂತು: ನಾಳೆಯಿಂದ ದಿನಾ ಹತ್ತಕ್ಕೆ ಕೂಡಬೇಕು.

ಮರುದಿನ ನಾನು ಕುರ್ಚಿಯಲ್ಲಿ ಕುಳಿತು ಬಾಗಿಲು ಮುಂದೆ ಮಾಡಿಕೊಂಡೆ. ಕಟ್ಟೆಯ ಮೇಲೆ ಬಿಸಿಲು ಯಾವ ಕಡೆಯಿಂದ ಬರುತ್ತದೆ, ನೆರಳಿಗೆ ತಾಡಪತ್ರಿ ಕಟ್ಟಬೇಕೋ ಬಿದಿರ ತಟ್ಟಿ ಕಟ್ಟಬೇಕೋ ಎಂದು ಅಪ್ಪ ಹಾಗೂ ಶ್ಯಾಮಾಚಾರ್ ವಾದ ಹೂಡಿದ್ದರು. ಅದು ಇನ್ನೊಂದು ವಾರ ನಡೆಯುವ ಲಕ್ಷಣವಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಮೆಲ್ಲಗೆ ಬಡಿದ ಸಪ್ಪಳ.

“ರಂಜನಾ,” ಅಪ್ಪನ ದನಿ. “ನನ್ನ ಚಾಳೀಸು ಒಳಗs ಉಳದದ, ಪೇಪರ್ ಓದಬೇಕು. ಬರ್ಲೇನ್?”

“ತಡೀರಿ,” ಎಂದೆ. ಡಾಕ್ಟರು ಒಂದು ಉದ್ದನೆಯ ವಾಕ್ಯದ ನಡುವೆ ಇದ್ದ. ಅವನು ಮುಗಿಸಿದ ಮೇಲೆ ನಾನೂ ಮುಗಿಸಿ, ಒಮ್ಮೆ ಓದಿ ನೋಡಿ, ಆಮೇಲೆ ಎದ್ದೆ.