ಹಲ್ಲಿನ ಡಾಕ್ಟರ ಬೆಂಚು

ಆಸ್ಪತ್ರೆಯ ಆ ಕಾರಿಡಾರಿನಲ್ಲಿ ಎರಡು ಕೋಣೆ, ಎದುರುಬದುರು. ಒಂದು ಹಲ್ಲಿನ ಡಾಕ್ಟರದು, ಇನ್ನೊಂದು ಮನಸ್ಸಿನ ಡಾಕ್ಟರದು. ಹಲ್ಲಿನ ಬೆಂಚಿನಲ್ಲಿ ಒತ್ತರಿಸಿಕೊಂಡು ಕೂರಬೇಕು. ಮನಸ್ಸಿನ ಬೆಂಚಿನ ಮೇಲೆ ನೊಣವೂ ಕೂತಿರಲಿಲ್ಲ. ನಾನೂ ನನ್ನವರನ್ನು ಹಲ್ಲಿನ ಕಡೆಗೇ ಎಳೆದುಕೊಂಡು ಹೋದೆ. ಕೆನ್ನೆಗೆ ಕರವಸ್ತ್ರ ಒತ್ತಿಕೊಳ್ಳಿ ಎಂದೆ. ಪಾಪ, ಒತ್ತಿಕೊಂಡರು. ಒಂದು ಹುಳುಕೂ ಇಲ್ಲದ ಹಲ್ಲು ಅವರದು.

ನನ್ನವರು ಲೈನ್‌ಮನ್, ಕರೆಂಟ್ ಕಂಬ ಹತ್ತುವ ಕೆಲಸ. ಕೆಲವು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮಗಳು ಮಾತಾಡಿಸಿದರೆ ಗೋಡೆ ನೋಡುತ್ತಾರೆ. ಹೋದ ವಾರ ಇದ್ದಕ್ಕಿದ್ದಂತೆ, "ಕಂಬ ಹತ್ತಿದ್ರೆ ಇಳೀಬೇಕು ಅಂತಾನೇ ಅನ್ಸಲ್ಲ ಕಣೇ" ಎಂದರು. ಅಂದಿನಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೇನೆ. ಅಣ್ಣನಿಗೆ ಹೇಳಿದರೆ, ಗಂಡಸು ಅಂದ ಮೇಲೆ ಗಟ್ಟಿಯಾಗಿರಬೇಕು ಎಂದು ಉಪದೇಶ ಮಾಡಿದ. ಅತ್ತೆ, ಹೊರಗೆ ಬಾಯಿ ಬಿಡಬೇಡ ಎಂದರು. ಕಚೇರಿಗೆ ಗೊತ್ತಾದರಂತೂ ಹುಚ್ಚ ಎಂದು ಹಣೆಪಟ್ಟಿ ಹಚ್ಚಿ ಮನೆಯಲ್ಲಿ ಕೂರಿಸುತ್ತಾರೆ. ಎಲ್ಲರ ಮಾತು ಕೇಳಿ ಕೇಳಿ ನನಗೂ ಸಾಕುಸಾಕಾಗಿಹೋಗಿದೆ.

ಮನಸ್ಸಿನ ಡಾಕ್ಟರು ಬರುವುದು ವಾರಕ್ಕೊಂದು ದಿನ. ಯಾರೂ ನೋಡದ ಹೊತ್ತಿನಲ್ಲಿ ಆ ಬಾಗಿಲಿಗೆ ನುಗ್ಗಿಬಿಡೋಣ ಎಂದುಕೊಂಡಿದ್ದೆ. ಆದರೆ ಬೆಂಚಿನ ಆ ತುದಿಯಲ್ಲಿ ಕೂತಿದ್ದವರು ಯಾರು? ನನ್ನವರ ಸೂಪರ್‌ವೈಸರ್! ಅವರೂ ಕೆನ್ನೆ ಹಿಡಿದುಕೊಂಡಿದ್ದರು. ಯಾವ ಹಲ್ಲು ಎಂದು ಕೇಳಿದರು. ದವಡೆಯದು ಎಂದು ನಾನೇ ಹೇಳಿದೆ. ತಮ್ಮದೂ ಅದೇ ಎಂದರು. ಹಾಳಾದ ಗ್ರಹಚಾರ, ಇವರ ಹಲ್ಲಿಗೆ ನೋಯಲು ಇವತ್ತೇ ಆಗಬೇಕಿತ್ತೇ ಎಂದು ಒಳಗೊಳಗೇ ಶಪಿಸಿದೆ.

ನರ್ಸ್ ಎರಡು ಮೂರು ಸಲ ಬಂದು, ಮನಸ್ಸಿನ ಡಾಕ್ಟರಿಗೆ ಯಾರಿದ್ದೀರಿ ಎಂದು ಕೂಗಿದಳು. ಯಾರೂ ಏಳಲಿಲ್ಲ. ರೋಗಿಗಳೇ ಬರುವುದಿಲ್ಲವೆಂದು ಮುಂದಿನ ತಿಂಗಳಿಂದ ಈ ಕೋಣೆ ಮುಚ್ಚುತ್ತಾರಂತೆ, ಡಾಕ್ಟರೂ ಈಗ ಹೊರಟರು ಎಂದು ಗೊಣಗಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ನೀವೆಲ್ಲ ಯಾಕೆ ಕೂತಿದ್ದೀರಿ? ಹಲ್ಲಿನ ಡಾಕ್ಟ್ರು ಇವತ್ತು ರಜ. ಮನೆಗೆ ಹೋಗಿ."

ಒಬ್ಬರೂ ಕದಲಲಿಲ್ಲ.

ನಾನು ಆ ಸಾಲನ್ನು ನೋಡಿದೆ. ಬ್ಯಾಗು ಅಪ್ಪಿಕೊಂಡ ಟೀಚರು, ಅಜ್ಜಿಯ ಜೊತೆ ಬಂದ ಕಾಲೇಜು ಹುಡುಗಿ, ಕೈಗೂಸಿನ ತಾಯಿ, ಸೂಪರ್‌ವೈಸರ್. ಎಲ್ಲರ ಕೈಯೂ ಕೆನ್ನೆಯ ಮೇಲೇ ಇತ್ತು. ನಗು ಬರಬೇಕಿತ್ತು, ಅಳು ಬಂತು.

"ಏಳ್ರೀ" ಎಂದೆ ನನ್ನವರಿಗೆ.

"ಸಾಹೇಬ್ರು ನೋಡ್ತಿದ್ದಾರೆ ಕಣೇ."

"ನೋಡ್ಲಿ ಬಿಡಿ. ಕೆಲಸ ಹೋದ್ರೆ ಹೋಗ್ಲಿ. ನಂಗೆ ನೀವು ಬೇಕು."

ಎದುರಿನ ಖಾಲಿ ಬೆಂಚಿಗೆ ಹೋಗಿ ಕೂತೆವು. ಬಾಗಿಲಿಗೆ ಬಂದಿದ್ದ ಡಾಕ್ಟರು ನಮ್ಮನ್ನು ಕಂಡು, ಹೆಗಲಿನ ಚೀಲ ಇಳಿಸಿ ಮತ್ತೆ ಒಳಗೆ ಹೋದರು. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೂತಂತಾಯಿತು. ಸೂಪರ್‌ವೈಸರ್. ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು. ನನ್ನವರ ಮುಖ ನೋಡಲಿಲ್ಲ.

"ಮೊದಲು ನೀನು ಹೋಗಪ್ಪ" ಎಂದರು. "ಆಮೇಲೆ ನಾನು ಹೋಗ್ತೀನಿ."