ಎಂಟು ಮೂಟೆ

ಸುಗ್ಗಿಯ ಬಿಸಿಲು ಕಣಕ್ಕೆ ಇಳಿಯುವ ಮೊದಲೇ ತಮ್ಮನು ಜೋಳದ ಮೂಟೆಗಳ ಮೇಲೆ ಟಾರ್ಪಾಲು ಎಳೆಯುತ್ತಿದ್ದ. ಈ ತುದಿ ಎಳೆದರೆ ಆ ತುದಿ ಜಾರುತ್ತಿತ್ತು. ಅರವತ್ತೆಂಟರ ಸೊಂಟ ಬಗ್ಗಿದಾಗ ಒಂದು ಮಾತು, ಎದ್ದಾಗ ಒಂದು ಮಾತು ಆಡುತ್ತಿತ್ತು. ನಡುಮನೆಯಲ್ಲಿ ಅವನ ಅಣ್ಣನನ್ನು ಮಲಗಿಸಿದ್ದರು. ನಿನ್ನೆ ಸಂಜೆ ಜಗಲಿಯ ಮೇಲೆ ಪೇಪರ್ ಓದುತ್ತಿದ್ದವನು ಹಾಗೇ ಗೋಡೆಗೆ ಒರಗಿದ್ದ. ಪೇಪರ್ ಮಾತ್ರ ಕೆಳಗೆ ಬಿದ್ದಿತ್ತು.

ಹೆಂಡತಿ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. “ಇವತ್ತೂ ಬೇಕಾ ನಿಮಗೆ ಇದು? ಒಳಗೆ ಭಾವ ಮಲಗಿದಾರೆ.”

“ಅವನೇನು ಎದ್ದು ಬಂದು ಕೇಳಲ್ಲ. ಬರೋರು ಕೇಳ್ತಾರೆ.”

“ಸತ್ತ ಮನೇಲಿ ಯಾರಾದ್ರೂ ಮೂಟೆ ಎಣಿಸ್ತಾರಾ?”

“ಇವನ ಶಿಷ್ಯರು ಎಣಿಸ್ತಾರೆ. ಮೂವತ್ತೊಂದು ವರ್ಷ ಇನ್ನೇನು ಕಲಿಸಿದ ಇವನು?”

ಅವಳು ಟಾರ್ಪಾಲಿನ ಇನ್ನೊಂದು ತುದಿಗೆ ಕಲ್ಲು ಹೇರಿ ಒಳಗೆ ಹೋದಳು.

ಅಣ್ಣ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದ. ಮದುವೆ ಮಾಡಿಕೊಳ್ಳಲಿಲ್ಲ. ಪ್ರತಿ ಸುಗ್ಗಿಗೆ ಹೊಸ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿಕೊಂಡು ಬಂದು ಹೊಲದ ಆಚೆ ನಿಲ್ಲಿಸುತ್ತಿದ್ದ. “ಬದುವಿನ ಮೇಲೆ ಕೂತಿದಾರಲ್ಲ, ಹೋಗಿ ಅವರನ್ನ ಕೇಳಿ,” ಎನ್ನುತ್ತಿದ್ದ. ತನ್ನ ತಮ್ಮ ಎಂದು ಹೇಳುತ್ತಿರಲಿಲ್ಲ. ಮಕ್ಕಳು ಬಂದು, ಈ ವರ್ಷ ಎಷ್ಟು ಮೂಟೆ ಬೆಳೆದಿರಿ ಎಂದು ಕೇಳುತ್ತಿದ್ದರು.

“ಎಂಟು,” ಎನ್ನುತ್ತಿದ್ದ ತಮ್ಮ.

ಮಳೆ ಬಂದರೂ ಎಂಟು, ಬಾರದಿದ್ದರೂ ಎಂಟು. ಮಕ್ಕಳು ಬರೆದುಕೊಳ್ಳುತ್ತಿದ್ದರು. ಆಮೇಲೆ ಅಣ್ಣ ಅವರನ್ನು ಕಣದ ಸುತ್ತ ಅಡ್ಡಾಡಿಸಿ ಕರೆದುಕೊಂಡು ಹೋಗುತ್ತಿದ್ದ. ಯಾಕೆ ಬಂದರು, ಆ ಬರೆದಿದ್ದು ಯಾರ ಮೇಜಿಗೆ ಹೋಯಿತು ಎಂದು ತಮ್ಮ ಕೇಳಲಿಲ್ಲ, ಅಣ್ಣ ಹೇಳಲಿಲ್ಲ. ಕೇಳಬೇಕಾದದ್ದು ಬೇರೆಯೇ ಒಂದಿತ್ತು. ಅದನ್ನು ಕೇಳದೆ ಅರವತ್ತು ವರ್ಷ ಆಗಿತ್ತು, ಈಗ ಕೇಳೋಣವೆಂದರೆ ಅಣ್ಣನೇ ಇಲ್ಲ.

*

ಅಣ್ಣನಿಗೆ ಹತ್ತು, ತಮ್ಮನಿಗೆ ಏಳು. ಇದೇ ಕಣ. ಬೆಳೆಯ ಲೆಕ್ಕ ಬರೆಯುವ ಸರ್ಕಾರದವನೊಬ್ಬ ಸೈಕಲ್ಲಿನಲ್ಲಿ ಬಂದ, ಬಗಲಲ್ಲಿ ಉದ್ದನೆಯ ಪುಸ್ತಕ. ಅಪ್ಪ ಕೈಕಟ್ಟಿಕೊಂಡು, “ಹದಿನಾಲ್ಕು ಮೂಟೆ ಸ್ವಾಮಿ,” ಎಂದ. ಅವನು ತಲೆಯಾಡಿಸಿ ಬರೆದ. ಹೋಗುವಾಗ ಬಾಗಿಲಲ್ಲಿ ಅಣ್ಣನ ಕೆನ್ನೆ ತಟ್ಟಿ, “ಶಾಲೆಗೆ ಹೋಗ್ತೀಯೇನೋ? ಎಣಿಸೋಕೆ ಬರುತ್ತಾ? ಎಲ್ಲಿ, ನಿಮ್ಮ ಮೂಟೆ ಎಣಿಸು ನೋಡೋಣ,” ಎಂದ.

ಅಣ್ಣ ಓಡಿಹೋಗಿ, ಹುಲ್ಲಿನ ಹಿಂದಿದ್ದವನ್ನೂ ಬಿಡದೆ ಮುಟ್ಟಿ ಮುಟ್ಟಿ ಎಣಿಸಿದ. “ಇಪ್ಪತ್ತೆರಡು!”

ಮೂರನೆಯ ದಿನ ಸರ್ಕಾರದ ಗಾಡಿ ಬಂತು. ಅಪ್ಪ ಮುಚ್ಚಿಟ್ಟಿದ್ದ ಎಂಟು ಮೂಟೆ ಹೇರಿಕೊಂಡು ಹೋಯಿತು. ಆ ವರ್ಷ ಇಬ್ಬರಲ್ಲಿ ಒಬ್ಬನೇ ಶಾಲೆಗೆ ಹೋಗುವಂತಾಯಿತು. “ದೊಡ್ಡವನು ಹೋಗಲಿ, ಅವನಿಗೆ ಎಣಿಸೋಕೆ ಚೆನ್ನಾಗಿ ಬರುತ್ತಲ್ಲ,” ಎಂದ ಅಪ್ಪ, ಯಾರ ಮುಖವನ್ನೂ ನೋಡದೆ. ತಮ್ಮನ ಸ್ಲೇಟು ಗೂಟಕ್ಕೆ ನೇತುಬಿದ್ದದ್ದು ಮತ್ತೆ ಕೆಳಗಿಳಿಯಲಿಲ್ಲ.

*

ಹತ್ತು ಗಂಟೆಗೆಲ್ಲ ಅಂಗಳ ತುಂಬಿತು. ತಮ್ಮ ಕಂಬಕ್ಕೆ ಒರಗಿ ಒಬ್ಬೊಬ್ಬರ ಕಣ್ಣು ಎಲ್ಲಿ ಓಡುತ್ತದೆಂದು ನೋಡುತ್ತಿದ್ದ. ಬೀಜದ ಅಂಗಡಿಯವನು ಅವನ ಪಕ್ಕ ಬಂದು ಕೂತ. ಅವನೂ ಅಣ್ಣನ ಶಿಷ್ಯನೇ.

“ಅಲ್ಲಪ್ಪ,” ಎಂದ ತಮ್ಮ, “ಅಷ್ಟು ವರ್ಷ ಓದಿ ಬೀಜ ಮಾರೋಕೆ ಕೂತ್ಯಲ್ಲ. ಏನು ಕಲಿಸಿದ ನಮ್ಮಣ್ಣ ನಿಂಗೆ?”

“ಬೋರ್ಡಿನ ಮೇಲೆ ಗೆರೆ ಎಳೀತಿದ್ರು. ಅದೆಲ್ಲ ಮರೆತೋಯ್ತು ಯಜಮಾನ್ರೇ. ಒಂದು ಚಾಳಿ ಮಾತ್ರ ಉಳೀತು. ಕಂಪನಿಯವನು ಬಂದು, ನೂರಕ್ಕೆ ತೊಂಬತ್ತು ಮೊಳೆಯುತ್ತೆ ಅಂತಾನೆ. ಯಾರ ಹೊಲದಲ್ಲಿ, ಎಷ್ಟು ಕಾಳು ಹಾಕಿದ್ರಿ, ಮೊಳೀದೆ ಹೋದದ್ದನ್ನ ಎಲ್ಲಿ ಬರೆದಿದೀರಿ ಅಂತ ಕೇಳ್ತೀನಿ. ತರಿಸಿದ ಚಾನೂ ಕುಡೀದೆ ಎದ್ದು ಹೋಗ್ತಾನೆ.”

“ಚಾ ಯಾರು ಕುಡೀತಾರೆ?”

“ನಾನೇ. ಎರಡೂ.”

ತಮ್ಮನಿಗೆ ನಗು ಬಂತು. ನಗುತ್ತಲೇ ಅಂಗಳದತ್ತ ನೋಡಿದ. ನಗು ಅಲ್ಲೇ ನಿಂತಿತು. ಕನ್ನಡಕದ ಹೆಂಗಸೊಬ್ಬಳು ಗುಂಪು ಬಿಟ್ಟು ಕಣದ ಕಡೆ ನಡೆದಿದ್ದಳು.

ಅವನು ಹೋಗುವಷ್ಟರಲ್ಲಿ ಅವಳು ಟಾರ್ಪಾಲಿನ ಎದುರು ನಿಂತಿದ್ದಳು.

“ಏನಮ್ಮ, ದಾರಿ ತಪ್ತಾ? ಹೆಣ ಆ ಕಡೆ ಇದೆ.”

“ಗೊತ್ತು ಯಜಮಾನ್ರೇ. ನಮ್ಮ ಮೊದಲನೇ ಪಾಠ ಇಲ್ಲೇ ಆಗಿದ್ದು. ನೀವು ಎಂಟು ಅಂದ್ರಿ.”

“ಎಂಟಿತ್ತು, ಎಂಟು ಅಂದೆ.”

“ಆ ವರ್ಷ ಹದಿನೇಳಿತ್ತು.” ಅವಳು ಮೆಲ್ಲಗೆ ಹೇಳಿದಳು. “ಪರೀಕ್ಷೇಲಿ ಕೊನೇ ಪ್ರಶ್ನೆ ಅದೇ. ಪ್ರತಿ ವರ್ಷವೂ ಅದೇ. ಬದುವಿನ ಮೇಲಿದ್ದ ರೈತ ಎಂಟು ಅಂದ, ಕಣದಲ್ಲಿ ಇದ್ದದ್ದು ಹೆಚ್ಚು. ಯಾಕೆ?”

ತಮ್ಮನ ಕಿವಿ ಬಿಸಿಯಾಯಿತು. ಮೂವತ್ತೊಂದು ವರ್ಷ ತನ್ನನ್ನು ಪರೀಕ್ಷೆಗೆ ಹಾಕಿದ್ದನೇ ಇವನು? “ಸುಳ್ಳುಗಾರ ಅಂತ ಬರೆದಿರ್ತೀಯ.”

“ಬರೆದೆ. ಸೊನ್ನೆ ಬಂತು. ಮತ್ತೆ ಬರೀತೀನಿ ಅಂತ ಹೋದೆ. ತೆರಿಗೆ ತಪ್ಪಿಸೋಕೆ ಅಂತ ಬರೆದೆ. ಅರ್ಧ ಅಂಕ. ‘ಅವನನ್ನ ಕೇಳಿದ್ಯಾ?’ ಅಂತ ಅಂಚಲ್ಲಿ ಗೀಚಿದ್ರು.”

“ಸರಿಯಾಗಿ ಬರೆದೋರು ಒಬ್ಬರೂ ಇಲ್ವಾ?”

“ಒಬ್ಬಳಿದ್ಲು ನಮ್ಮ ಜೊತೆ. ಹಿಂದೆ ಯಾವಾಗ್ಲೋ ಯಾರೋ ನಿಜ ಹೇಳಿ, ಈ ಮನೆಗೆ ಪೆಟ್ಟು ಬಿದ್ದಿರಬೇಕು ಅಂತ ಬರೆದಿದ್ಲು. ಮೇಷ್ಟ್ರು ಅದನ್ನ ತರಗತೀಲಿ ಗಟ್ಟಿಯಾಗಿ ಓದಿದ್ರು. ಆಮೇಲೆ, ‘ನಿಜ ಹೇಳಿದ್ದು ನಾನು. ಪೆಟ್ಟು ಬಿದ್ದಿದ್ದು ನನ್ನ ತಮ್ಮನಿಗೆ’ ಅಂದ್ರು. ಗಂಟೆ ಹೊಡೆಯೋವರೆಗೂ ಬೋರ್ಡ್ ಕಡೆ ತಿರುಗೇ ನಿಂತಿದ್ರು. ಬೋರ್ಡಲ್ಲಿ ಏನೂ ಇರಲಿಲ್ಲ.”

ಕಣದಲ್ಲಿ ಗುಬ್ಬಿಗಳು ಚೆಲ್ಲಿದ ಕಾಳು ಹೆಕ್ಕುತ್ತಿದ್ದವು. ತಮ್ಮ ಅವನ್ನು ಓಡಿಸಲು ಕೈ ಎತ್ತಿ, ಹಾಗೇ ಇಳಿಸಿದ.

“ಇದನ್ನ ಇವತ್ತು ಯಾಕೆ ಹೇಳ್ತಿದೀಯ? ಏನು ಕೆಲಸ ನಿಂದು?”

“ಊರೂರಿಗೆ ಹೋಗಿ ಬೆಳೆ ಎಷ್ಟು ಅಂತ ಕೇಳೋದು.”

“ನೋಡು ಮತ್ತೆ!” ಎಂದ ತಮ್ಮ, ಸಿಕ್ಕಿಬಿದ್ದೆಯಲ್ಲ ಎಂಬಂತೆ.

“ಹೌದು. ನಾನು ಯಾರು, ಬರೆದದ್ದು ಎಲ್ಲಿಗೆ ಹೋಗುತ್ತೆ, ಅದರಿಂದ ನಿಮಗೇನಾಗಬಹುದು, ಅದನ್ನ ಮೊದಲು ಹೇಳ್ತೀನಿ. ಕೆಲವರು ಆಮೇಲೂ ಎಂಟು ಅಂತಾರೆ. ಎಂಟು ಅಂತ ಬರೆದು, ಪಕ್ಕದಲ್ಲಿ ‘ಇನ್ನೊಮ್ಮೆ ಹೋಗಬೇಕು’ ಅಂತ ಬರೀತೀನಿ.” ಅವಳು ಎರಡು ಕೈಯನ್ನೂ ಬಿಡಿಸಿ ತೋರಿಸಿದಳು. “ಇವತ್ತು ಪೆನ್ನು ತಂದಿಲ್ಲ. ಏನನ್ನೂ ಕೇಳಲ್ಲ.”

ಅವನು ಅವಳ ಕೈಯನ್ನೂ, ಹೆಗಲ ಚೀಲವನ್ನೂ, ಮತ್ತೆ ಕೈಯನ್ನೂ ನೋಡಿದ. ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಬೋರ್ಡಿನ ಕಡೆ ತಿರುಗಿ ನಿಂತದ್ದನ್ನು ಯಾರೂ ಕಟ್ಟಿ ಹೇಳಲಾರರು. ಅಳು ಬಂದರೆ ಅಣ್ಣ ಚಿಕ್ಕಂದಿನಿಂದಲೂ ಹಾಗೆಯೇ, ಗೋಡೆಗೆ ಮುಖ ಮಾಡಿಬಿಡುತ್ತಿದ್ದ.

*

ಗುಂಡಿ ತೋಡಿದವರು ಬಂದು ಆಯಿತೆಂದರು. ನಾಲ್ವರು ಅಣ್ಣನನ್ನು ಮಲಗಿಸಿದ್ದ ಹಲಗೆ ಎತ್ತಿ ಹೆಗಲಿಗೇರಿಸಿ ಮುಂಬಾಗಿಲ ಕಡೆ ತಿರುಗಿದರು.

“ಅಲ್ಲಿ ಬೇಡ,” ಎಂದ ತಮ್ಮ. “ಹಿತ್ತಿಲ ಕಡೆಯಿಂದ ಬನ್ನಿ. ಕಣದ ಮೇಲೆ ಹಾಯಿಸಿ.”

“ಅದು ಸುತ್ತು ಆಗುತ್ತಲ್ಲ,” ಎಂದ ಬೀಜದ ಅಂಗಡಿಯವನು. ಹಲಗೆಯ ಮುಂದಿನ ತುದಿ ಅವನ ಹೆಗಲ ಮೇಲಿತ್ತು.

“ಆಗಲಿ.”

ತಮ್ಮ ಎಲ್ಲರಿಗಿಂತ ಮುಂದೆ ಹೋದ. ಕಾಲಿನಿಂದಲೇ ಕಲ್ಲುಗಳನ್ನು ಉರುಳಿಸಿ ಟಾರ್ಪಾಲಿನ ತುದಿ ಹಿಡಿದು ಎಳೆದ. ಎಳೆಯಲಾರದಾದಾಗ ಹೆಂಡತಿ ಇನ್ನೊಂದು ತುದಿಗೆ ಕೈಹಾಕಿದಳು. ಹುಲ್ಲಿನ ಹಿಂದೆ ತಳ್ಳಿದ್ದ ಎರಡು ಮೂಟೆಗಳನ್ನೂ ಅವನು ಕಿವಿ ಹಿಡಿದು ಬಿಸಿಲಿಗೆ ತಂದು ನಿಲ್ಲಿಸಿದ.

ಹಲಗೆ ಬಂತು. ಅದರ ಹಿಂದೆ ಬಂದ ಶಿಷ್ಯರೆಲ್ಲ ನೆಲ ನೋಡುತ್ತ ನಿಂತರು. ಕನ್ನಡಕದವಳು ಹೊಲದ ಕಡೆ ಮುಖ ತಿರುಗಿಸಿಕೊಂಡಳು.

“ಸ್ವಲ್ಪ ಇಳಿಸಿ. ತಲೆ ಈ ಕಡೆ ಬರಲಿ,” ಎಂದು ತಮ್ಮ ಹೇಳಿದ. ಅವರು ಹಲಗೆಯನ್ನು ಸೊಂಟದ ಮಟ್ಟಕ್ಕೆ ಇಳಿಸಿ ತಿರುಗಿಸಿ ಹಿಡಿದರು. ಅವನು ಮೊದಲ ಮೂಟೆಯ ಮೇಲೆ ಅಂಗೈ ಇಟ್ಟ. ಆಮೇಲೆ ಎರಡನೆಯದರ ಮೇಲೆ. ಒಂದನ್ನೂ ಬಿಡದೆ ಮುಟ್ಟುತ್ತ ಸಾಲಿನ ಕೊನೆಯವರೆಗೆ ನಡೆದ. ಹೊತ್ತವರು ಭಾರಕ್ಕೆ ಹಿಡಿತ ಬದಲಿಸಿಕೊಂಡರು, ಆದರೂ ಯಾರೂ ಅವಸರ ಮಾಡಲಿಲ್ಲ.

“ಹತ್ತೊಂಬತ್ತು ಕಣೋ, ಅಣ್ಣ,” ಎಂದ.