ಒಳ್ಳೆಯ ಸೆನ್ಸರ್

"ಹೋದ ಸಲ ಇದರಲ್ಲೇ ಅಳೆದದ್ದಲ್ವಾ? ಈಗ ಇದಕ್ಕೆ ಎಂತ ಬಂತು?" ಲೀಲಾಧರ ಒತ್ತಡ ಅಳೆಯುವ ಸೆನ್ಸರನ್ನು ಅಂಗೈಯಲ್ಲಿ ಹೊರಳಿಸಿದರು. ಬಲ್ಮಠದಲ್ಲಿ ಇಂಥ ಅಳತೆ ಮಾಡಿ ವರದಿ ಕೊಡುವ ಸಂಸ್ಥೆ ಅವರದು.

"ಸರ್, ಇದು ನೀರಿನ ಪೈಪಿಗೆ ಆಗ್ತದೆ," ಎಂದಳು ಅಲ್ಲಿನ ಇಂಜಿನಿಯರ್ ಪ್ರಣೀತಾ. "ಸ್ಫೋಟದ ಅಲೆ ಫಕ್ಕನೆ ಏರಿ ಇಳೀತದೆ. ಇದು ಎದ್ದು ಆಕಳಿಸುವಷ್ಟರಲ್ಲಿ ಅಲೆ ಹೋಗಿ ಆಗಿರ್ತದೆ. ಒತ್ತಡದ ತುದಿ ಸಿಗುವುದೇ ಇಲ್ಲ. ಸಿಕ್ಕಿದ್ದು ಯಾವಾಗಲೂ ಕಡಿಮೆ."

"ಕಡಿಮೆ ಬಂದ್ರೆ ಯಾರಿಗೆ ನಷ್ಟ ಮಾರಾಯ್ತಿ?"

ಯಾರಿಗೆಂದು ಇಬ್ಬರಿಗೂ ಗೊತ್ತಿತ್ತು. ಬೋಳಾರದಲ್ಲಿ ಬಿಲ್ಡರ್ ಶೈಲೇಶ್ ಅಪಾರ್ಟ್‌ಮೆಂಟಿನ ನೆಲಮಾಳಿಗೆಗಾಗಿ ಬಂಡೆ ಸಿಡಿಸುತ್ತಿದ್ದ. ಪಕ್ಕದ ಮನೆಯ ಹರಿಣಾಕ್ಷಿ, ಮೀನು ಮಾರುವವಳು, ಪಾಲಿಕೆಗೆ ದೂರು ಕೊಟ್ಟಿದ್ದಳು. ಅವಳ ಮನೆಯ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು. ಆ ಗೋಡೆಗೆ ತಾಗಿದ ಮಂಚದಲ್ಲಿ ಹೆರಿಗೆಗೆ ಬಂದ ಮಗಳು ಸುಪ್ರೀತಾ ಮಲಗುತ್ತಿದ್ದಳು. ಇವರ ಅಳತೆಯಲ್ಲಿ ಸ್ಫೋಟದ ಒತ್ತಡ ಮಿತಿ ಮೀರಿದರೆ ಸಿಡಿಸುವುದು ನಿಲ್ಲಬೇಕು. ಮೀರದಿದ್ದರೆ ದೂರು ವಜಾ.

ಪ್ರಣೀತಾ ಹಟ ಹಿಡಿದಳು. ಚುರುಕಾದ ಸೆನ್ಸರೇ ಬೇಕು, ಅದನ್ನು ಹರಿಣಾಕ್ಷಿಯ ಗೋಡೆಯ ಬಳಿಯೇ ಇಡಬೇಕು, ಇಲ್ಲದಿದ್ದರೆ ತಾನು ಸಹಿ ಹಾಕುವುದಿಲ್ಲ. ಅಳತೆಯ ಖರ್ಚು ಕೊಡುವ ಶೈಲೇಶನಿಗೆ ಲೀಲಾಧರ ಫೋನು ಹಚ್ಚಿ ಸ್ಪೀಕರ್ ಹಾಕಿದರು.

"ಮೇಡಂ ಹೇಳಿದ್ದನ್ನೇ ತರಿಸಿ ಸರ್. ನಮಗೂ ಪಕ್ಕಾ ರಿಪೋರ್ಟ್ ಬೇಕು. ಬರುವ ದಿನ ಮಾತ್ರ ಮೊದಲೇ ತಿಳಿಸಿ, ಆಯ್ತಾ? ಸೇಫ್ಟಿ ಉಂಟಲ್ಲ."

ಸುಲಭವಾಗಿ ಸಿಕ್ಕ ಗೆಲುವನ್ನು ಅನುಮಾನಿಸಬೇಕೆಂದು ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸುವುದಿಲ್ಲ. ಆ ಸಂಜೆ ಪ್ರಣೀತಾ ತನಗೆ ತಾನೇ ಒಂದು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿಕೊಂಡಳು.

ಅಳತೆಯ ದಿನ ಅವಳು ಸೆನ್ಸರನ್ನು ಗೋಡೆಯ ಪಕ್ಕ ನಿಲ್ಲಿಸುತ್ತಿದ್ದಾಗ ಹರಿಣಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಈ ಮಿಷನ್ ಸುಳ್ಳು ಹೇಳ್ತದಾ ಮೇಡಂ?"

"ಇಲ್ಲ ಅಕ್ಕ. ಇದು ಹೇಳುವುದಿಲ್ಲ."

"ಹಾಗಾದ್ರೆ ಸಾಕು. ಸುಳ್ಳು ಹೇಳ್ಲಿಕ್ಕೆ ಊರಲ್ಲಿ ಬೇಕಾದಷ್ಟು ಜನ ಉಂಟು."

ಸೈರನ್ ಕೂಗಿತು. ಆಮೇಲೆ ಕೇಳಿಸಿದ್ದು ಗಾಳಿ ತುಂಬಿದ ಕಾಗದದ ಚೀಲ ಒಡೆದಂಥ ಸದ್ದು. ಅಂಗಳದ ಕೋಳಿ ತಲೆ ಎತ್ತಿ ನೋಡಿ ಮತ್ತೆ ನೆಲ ಕೆದಕತೊಡಗಿತು.

"ಇದೆಂತದು?" ಹರಿಣಾಕ್ಷಿ ಬೇಲಿಯತ್ತ ಓಡಿದಳು. "ದಿನಾ ಹೀಗಲ್ಲ ಮೇಡಂ! ದಿನಾ ಅಟ್ಟದ ಪಾತ್ರೆ ಕೆಳಗೆ ಬೀಳ್ತದೆ. ಇವತ್ತು ಇವರು ಬಂಡೆಗೆ ಮದ್ದೇ ಹಾಕ್ಲಿಲ್ಲ!"

ಪರದೆಯ ಮೇಲಿನ ಗೆರೆ ಪಠ್ಯಪುಸ್ತಕದಲ್ಲಿರುವಂತೆ ಚೂಪಾಗಿ ಏರಿ ಇಳಿದಿತ್ತು. ತುದಿ ಕೂದಲೆಳೆಯಷ್ಟೂ ತಪ್ಪಿಹೋಗಿರಲಿಲ್ಲ. ಆದರೆ ಅದು ಮಿತಿಯ ಅರ್ಧವನ್ನೂ ಮುಟ್ಟಿರಲಿಲ್ಲ.

"ಇವತ್ತು ಮದ್ದು ಎಷ್ಟು ಹಾಕಿದ್ದು?" ಪ್ರಣೀತಾ ಬೇಲಿಯಾಚೆ ನಿಂತಿದ್ದ ಶೈಲೇಶನನ್ನು ಕೇಳಿದಳು.

"ನಿಮ್ಮ ಸೆನ್ಸರ್ ನೀವು ಆರಿಸಿದ್ದು ಮೇಡಂ. ನಾವು ಎಂತಾದ್ರೂ ಹೇಳಿದೆವಾ? ನಮ್ಮ ಮದ್ದು ನಾವು ಆರಿಸ್ತೇವೆ."

ಮದ್ದಿನ ಪ್ರಮಾಣ ತಿಳಿದಿಲ್ಲವೆಂದು ಅವಳು ವರದಿಯಲ್ಲಿ ಬರೆದ ವಾಕ್ಯವನ್ನು ಲೀಲಾಧರ ಅಳಿಸಿದರು. "ನಮ್ಮತ್ರ ಕೇಳಿದ್ದು ಒತ್ತಡ. ಅದು ತಪ್ಪುಂಟಾ ಹೇಳು?"

ತಪ್ಪಿರಲಿಲ್ಲ. ಆ ವಾಕ್ಯದ ಜಾಗದಲ್ಲಿ ಸೆನ್ಸರಿನ ಗುಣಗಾನದ ಒಂದಿಡೀ ಪ್ಯಾರಾ ಬಂದು ಕೂತಿತು. ಸಹಿಗೆ ಅವಳು ಒಡ್ಡಿದ್ದ ಷರತ್ತುಗಳೆಲ್ಲ ಈಡೇರಿದ್ದವು. ಸಹಿ ಹಾಕಿದಳು.

ದೂರು ವಜಾ ಆದ ಮೇಲೆ ವರದಿಯ ಪ್ರತಿ ಕೊಡಲು ಅವಳು ಬೋಳಾರಕ್ಕೆ ಹೋದಾಗ, ಹರಿಣಾಕ್ಷಿಯೂ ಅವಳ ಗಂಡ ನೋಣಯ್ಯನೂ ಮಗಳ ಮಂಚವನ್ನು ಬಿರುಕು ಗೋಡೆಯ ಪಕ್ಕದಿಂದ ಅಂಗಳಕ್ಕೆ ಹೊತ್ತು ತರುತ್ತಿದ್ದರು.

"ಬಂದ್ರಾ? ಕೂತ್ಕೊಳ್ಳಿ," ಎಂದಳು ಹರಿಣಾಕ್ಷಿ, ಯಾವ ಕುರ್ಚಿಯನ್ನೂ ತೋರಿಸದೆ.

ಬೇಲಿಯಾಚೆ ಸೈರನ್ ಕೂಗತೊಡಗಿತು. ನೋಣಯ್ಯ ಕಿವಿಗೆ ಬೆರಳಿಟ್ಟುಕೊಂಡ. ಅಂಗಳದಲ್ಲಿ ಇಳಿಸಿದ ಮಂಚದ ಮೇಲೆ ಬಂದು ಕೂತಿದ್ದ ಸುಪ್ರೀತಾ ಕಿವಿ ಮುಚ್ಚಿಕೊಳ್ಳಲಿಲ್ಲ. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಅಗಲವಾಗಿ ಹರಡಿ ಕಾದಳು.